ಟಾಕಿ ಮೇಲಿನ ಅಂಬಣ್ಣ

ಇದು ಖರೇ ಖರೇ ನಡೆದದ್ದು. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಆ ಊರಿನ ಪಂಚಾಯಿತಿ ಕಾರ್ಯದರ್ಶಿ ಹಣಮಂತ್ರಾಯರು ಸುರಪುರದ ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತಾರೆ. ಸಂಜೆಯಾದರೆ ಬೋನಾಳ ಕೆರೆಯ ಹಕ್ಕಿಗಳ ಕೂಗು ಕೇಳಿಸುವಷ್ಟು ಹತ್ತಿರದ ಹಳ್ಳಿ, ಅಷ್ಟು ಗೊತ್ತಿದ್ದರೆ ಸಾಕು.

ಆ ಸೋಮವಾರ ಮಧ್ಯಾಹ್ನ ಮೋಡ ಕವಿದಿತ್ತು. ಮೂರನೇ ವಾರ್ಡಿನ ಕುರಿ ಸಾಕುವ ಮಲಕಮ್ಮ, ಎರಡು ವರ್ಷದ ಮೊಮ್ಮಗ ಬಸವಂತನನ್ನು ಹೆಗಲಿಗೆ ಹಾಕಿಕೊಂಡು ಕಚೇರಿಯ ಹೊಸ್ತಿಲಲ್ಲಿ ನಿಂತಳು. ಮಗುವಿನ ಕತ್ತು ಒಂದು ಕಡೆ ವಾಲಿತ್ತು.

“ಸಾಹೇಬ್ರ, ನೀರಿನ ಟಾಕಿ ತೊಳಸೀರೇನು?”

“ತೊಳಸಾಕತ್ತೇವಿ, ಮಲಕಮ್ಮ.”

“ಯಾವತ್ತಿನಿಂದ?”

“ಕೆಲಸ ಪ್ರಗತಿಯೊಳಗದ.”

“ಆ ಪ್ರಗತಿ ಕುಡ್ದು ಈ ಕೂಸು ಒಂದೇ ತಿಂಗಳದಾಗ ಎರಡು ಸಲ ದವಾಖಾನಿ ಕಂಡದ. ಮೂರನೇ ಸಲ ತಡ್ಕೊಳ್ಳಾಂಗಿಲ್ಲ ಅಂದಾರ ಡಾಕ್ಟರು.”

ಹಣಮಂತ್ರಾಯರು ಕೆಟ್ಟವರಲ್ಲ. ಆದರೆ ಅವರಿಗೊಂದು ರೂಢಿ ಇತ್ತು. ಪ್ರತಿ ವರ್ಷ ಹಳೆಯ ಗುರಿಪಟ್ಟಿಯನ್ನೇ ನಕಲು ಮಾಡಿಸಿ, ಇಸವಿ ಮಾತ್ರ ತಿದ್ದಿಸುತ್ತಿದ್ದರು. ಮೊದಲ ಸಾಲು: ‘ಗ್ರಾಮಸ್ಥರಿಗೆ ಉತ್ತಮ ನೀರು ಒದಗಿಸಲು ಶ್ರಮಿಸುವುದು.’ ಅದರ ಮುಂದೆ ತಿಂಗಳು ತಿಂಗಳೂ ಒಂದೇ ಬರಹ: ‘ಕೆಲಸ ಪ್ರಗತಿಯಲ್ಲಿದೆ.’

ಮಲಕಮ್ಮ ಹೋದ ಮೇಲೆ ಕಂಪ್ಯೂಟರ್ ಆಪರೇಟರ್ ಮುಬೀನಾ ಬಾಯಿ ತೆರೆದಳು. ಶಹಾಪುರದ ಕಾಲೇಜಿನಲ್ಲಿ ಓದಿದ ಹುಡುಗಿ. ಬಸ್ ಕಂಡಕ್ಟರನಿಂದ ಹಿಡಿದು ಗಬ್ಬದ ಮೇಕೆಯವರೆಗೆ ಯಾರ ದನಿಯನ್ನೂ ಅಣಕಿಸದೆ ಬಿಟ್ಟವಳಲ್ಲ.

“ಸಾಹೇಬ್ರ, ಈ ಹೊಸಾ ಸಾಫ್ಟ್‌ವೇರ್ ನಾಕು ಮಾತು ಕೇಳ್ತದ. ಏನು ಮಾಡ್ತೀರಿ, ಎಷ್ಟು ಮಾಡ್ತೀರಿ, ಯಾವತ್ತಿನೊಳಗ, ಯಾರು. ‘ಶ್ರಮಿಸುವುದು’ ಅಂದ್ರ ಎಷ್ಟು ಲೀಟರ್ ಅಂತ ಬರೀಲಿ? ನಿಮ್ಮ ಬೆವರು ಅಳೀಲೇನು?”

“ಅದಕ್ಕೇನು ಗೊತ್ತು ನಮ್ಮ ಊರು? ಹಳೇದು ಹ್ಯಾಂಗದ ಹಂಗ ಹಾಕು. ಒಂದಕ್ಷರ ಬದಲಿ ಮಾಡಬ್ಯಾಡ.”

“ಒಂದಕ್ಷರನೂ?”

“ಒಂದಕ್ಷರನೂ!”

ಮುಬೀನಾ ಹಾಗೇ ಹಾಕಿದಳು, ಹಳೆಯ ಹೆಸರು, ಫೋನ್ ನಂಬರಿನ ಸಮೇತ.

ಮಂಗಳವಾರ ಬೆಳಿಗ್ಗೆ ಹಣಮಂತ್ರಾಯರು ಪರದೆ ನೋಡಿದರು. ಮೊದಲ ಸಾಲು ಹಸಿರಾಗಿತ್ತು. ‘ಹೊಣೆ: ಅಂಬಣ್ಣ, ನೀರಗಂಟಿ. ಸ್ಥಿತಿ: ಕೆಲಸ ಪ್ರಗತಿಯಲ್ಲಿದೆ. ಮಾಹಿತಿ ಕೊಟ್ಟವರು: ಅಂಬಣ್ಣ. ಇಂದು ಬೆಳಿಗ್ಗೆ 6.10.’

ಊರಿಗೆ ನೀರು ಬಿಡುತ್ತಿದ್ದ ಅಂಬಣ್ಣ ಸತ್ತು ಮೂರು ವರ್ಷವಾಗಿತ್ತು. ಅವನ ಮಣ್ಣಿಗೆ ಹೋಗಿ, ಮೂರು ಹಿಡಿ ಮಣ್ಣು ಹಾಕಿ ಬಂದವರು ಇದೇ ಹಣಮಂತ್ರಾಯರು.

“ಮುಬೀನಾ, ಇದ್ಯಾರು ಮಾಡಿದ್ದು?”

“ನನಗೇನ್ ಗೊತ್ರಿ? ಹೊಣೆ ಯಾರದ ಅದನೋ ಅವರ ಫೋನಿನಿಂದಷ್ಟೇ ಬರತದ.”

ಬುಧವಾರವೂ ಹಸಿರು. ಅದೇ ಹೆಸರು, ಅದೇ 6.10. ಗುರುವಾರ ಹಣಮಂತ್ರಾಯರ ಫೋನಿಗೇ ಒಂದು ದನಿಸಂದೇಶ ಬಂತು. ಮೊದಲು ಕೆಮ್ಮು. ಎರಡು ಗಿಡ್ಡ, ಒಂದು ಉದ್ದ. ಆ ಕೆಮ್ಮು ಊರಲ್ಲಿ ಒಬ್ಬನಿಗೇ ಇತ್ತು.

“ಸಾಹೇಬ್ರ, ಟಾಕಿ ಮ್ಯಾಲೇ ಅದೀನ್ರಿ. ಮೂರು ವರ್ಷ ಆತು. ಇಳಿ ಅಂತ ಯಾರೂ ಹೇಳಿಲ್ಲ.”

ಹಣಮಂತ್ರಾಯರು ಚಹಾ ಬಿಟ್ಟು ಎದ್ದರು. ಕಿಟಕಿಯಾಚೆ ಮೂರನೇ ವಾರ್ಡಿನ ಟಾಕಿ ಕಾಣುತ್ತಿತ್ತು. ದಿನವೂ ಅದರ ಅಂಚಿನಲ್ಲಿ ಸಾಲಾಗಿ ಕೂರುವ ಬೆಳ್ಳಕ್ಕಿಗಳು ಅಂದು ಒಂದೂ ಇರಲಿಲ್ಲ.

ಮುಸ್ಸಂಜೆಗೆ ಕಾಲು ತಾನಾಗಿ ಟಾಕಿಯ ಕಡೆ ಎಳೆಯಿತು. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ಆ ಏಣಿ ಹತ್ತಿದ್ದು ಅದೇ ಮೊದಲು. ಗಾಳಿ ಇರಲಿಲ್ಲ, ಆದರೂ ಏಣಿ ಕಿರ್ ಎಂದಿತು. ಮೇಲೆ ತಲುಪುತ್ತಿದ್ದಂತೆ ಜೇಬಿನಲ್ಲಿ ಫೋನು ನಡುಗಿತು. ಮತ್ತದೇ ಕೆಮ್ಮು.

“ಮುಚ್ಚಳ ಸರಸ್ರಿ, ಸಾಹೇಬ್ರ. ಇಷ್ಟು ವರ್ಷ ಬರದೀರಿ. ಇವತ್ತು ನೋಡ್ರಿ.”

ಮುಚ್ಚಳ ಅರ್ಧ ಒಡೆದಿತ್ತು. ಟಾರ್ಚು ಬಿಟ್ಟರು. ಕಪ್ಪು ನೀರು. ಪುಕ್ಕಗಳು. ಉಬ್ಬಿದ ಒಂದು ಪಾರಿವಾಳ. ಅದರ ಪಕ್ಕದಲ್ಲೇ ತೇಲುತ್ತಿದ್ದ ಅವರದೇ ಮುಖ. ಆ ನೀರೇ ಬಸವಂತನ ಬಾಯಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಕೆಳಗಿನಿಂದ, ಫೋನಿನಲ್ಲಲ್ಲ, ಗಾಳಿಯಲ್ಲೇ ಕೆಮ್ಮು ಕೇಳಿತು. ಎರಡು ಗಿಡ್ಡ, ಒಂದು ಉದ್ದ.

ಹಣಮಂತ್ರಾಯರು ಇಳಿದರೋ ಜಾರಿದರೋ ಅವರಿಗೇ ಗೊತ್ತಿಲ್ಲ. ಏಣಿಯ ಬುಡದಲ್ಲಿ ಮುಬೀನಾ ನಿಂತಿದ್ದಳು. ಪಕ್ಕದಲ್ಲಿ ಅಂಬಣ್ಣನ ಹೆಂಡತಿ ರತ್ನಾಬಾಯಿ, ಗಂಡನ ಹಳೆಯ ಫೋನು ಹಿಡಿದುಕೊಂಡು.

“ಅಂದ್ರ ಆ ದನಿ ನಿಂದಾ!”

“ನಂದೇ ರೀ,” ಎಂದಳು ಮುಬೀನಾ, ಅಂಬಣ್ಣನ ದನಿಯಲ್ಲೇ.

ರತ್ನಾಬಾಯಿ ನಗಲಿಲ್ಲ. “ಸೋಮವಾರ ಸಂಜಿಗಿ ಪಂಚಾಯ್ತಿ ಕಂಪ್ಯೂಟರಿನಿಂದ ನನ್ನ ಗಂಡನ ಫೋನಿಗಿ ಸಂದೇಶ ಬಂತ್ರಿ. ‘ಅಂಬಣ್ಣ, ನೀರಿನ ಕೆಲಸ ಎಲ್ಲಿಗೆ ಬಂತು’ ಅಂತ. ಎದಿ ಝಲ್ಲಂತು. ನಾನೇ ಮುಬೀನಾನ ಹಂತೇಲಿ ಹೋದೆ. ಇದ್ದಾಗ ಹದಿನೈದು ದಿನಕ್ಕೊಮ್ಮಿ ಹತ್ತಿ ತೊಳದಾನ ನನ್ನ ಗಂಡ. ಸತ್ತವನ ಹೆಸರಿನ್ಯಾಗ ಊರಿಗಿ ಹೊಲಸು ನೀರು ಕುಡಸ್ತೀರೇನ್ರಿ?”

ಹಣಮಂತ್ರಾಯರು ಈಗಿನ ನೀರಗಂಟಿ ಅಲ್ಲಾಬಕ್ಷನನ್ನು ಕರೆಸಿ ಗದರಿದರು. ಅವನು ಕೈ ಮುಗಿದ.

“ನಾ ಮೋಟರ್ ಚಾಲೂ ಮಾಡಾಂವ್ರಿ. ಟಾಕಿ ತೊಳಿಯೋ ಕೆಲಸಕ್ಕ ಹಾಳಿಯೊಳಗ ಅಂಬಣ್ಣನ ಹೆಸರದ. ಸತ್ತವನ ಕೆಲಸಕ್ಕ ನಾ ಹ್ಯಾಂಗ ಕೈ ಹಾಕ್ಲಿ?”

“ಸಾಹೇಬ್ರ,” ಎಂದಳು ಮುಬೀನಾ, ಈ ಸಲ ತನ್ನದೇ ದನಿಯಲ್ಲಿ. “ಸತ್ತವರೂ ಮಾಡೂವಂಥಾ ಗುರಿ, ಅದೊಂದು ಗುರಿ ಏನ್ರಿ?”

ಮರುದಿನ ಕಂಪ್ಯೂಟರಿನ ಮುಂದೆ ಹಣಮಂತ್ರಾಯರೇ ಕೂತು ಹೇಳಿದರು, ಮುಬೀನಾ ಬರೆದಳು. ಮೂರನೇ ವಾರ್ಡಿನ ಟಾಕಿ ಶನಿವಾರದೊಳಗೆ ತೊಳೆದು ಹೊಸ ಮುಚ್ಚಳ ಹಾಕುವುದು. ಆಮೇಲೆ ಹದಿನೈದು ದಿನಕ್ಕೊಮ್ಮೆ ತೊಳೆಯುವುದು. ಹೊಣೆ ಅಲ್ಲಾಬಕ್ಷ. ಪ್ರತಿ ಸೋಮವಾರ ಐದು ನಳದ ನೀರಿಗೆ ಕ್ಲೋರಿನ್ ಪರೀಕ್ಷೆ. ಔಷಧದ ಹನಿ ಬಿಟ್ಟರೆ ಐದೂ ಹಳದಿಗೆ ತಿರುಗಬೇಕು. ಟಾಕಿ ಶುದ್ಧವಾಗುವ ತನಕ ನೀರು ಕುದಿಸಿ ಕುಡಿಯಿರೆಂದು ಮನೆ ಮನೆಗೆ ಹೇಳಿಸಿದರು.

“ಇದೆಲ್ಲ ನೀವು ಮಾಡೋ ಕೆಲಸ ಆತು. ಅದರಿಂದ ನಮಗೇನಾತು ಅನ್ನೋದು ಎಲ್ಲಿ ಬರದೀರಿ?” ಹೊಸ್ತಿಲಿನಿಂದ ಮಲಕಮ್ಮ ಕೇಳಿದಳು. “ಹೋದ ತಿಂಗಳು ನಮ್ಮ ವಾರ್ಡಿನ್ಯಾಗ ಹನ್ನೊಂದು ಕೂಸಿಗಿ ವಾಂತಿ-ಭೇದಿ ಆಗಿತ್ತು. ಅದನ್ನ ಎಣಸ್ರಿ.”

ಅದೂ ಪರದೆಗೆ ಏರಿತು: ಹನ್ನೊಂದರಿಂದ ಸೊನ್ನೆಗೆ, ಎರಡು ತಿಂಗಳಲ್ಲಿ.

ನಡುವೆ ಒಂದು ವಾರ ಸಾಲು ಕೆಂಪಾಯಿತು. ಅಲ್ಲಾಬಕ್ಷ ಕಕ್ಕೇರಾದ ಮದುವೆಗೆ ಹೋಗಿದ್ದ. “ಹಸಿರು ಮಾಡಿಬಿಡು ಮಾರಾಯ್ತಿ,” ಎಂದರು ಹಣಮಂತ್ರಾಯರು. ಮುಬೀನಾ ಸುಮ್ಮನೆ ಎರಡು ಗಿಡ್ಡ, ಒಂದು ಉದ್ದ ಕೆಮ್ಮಿದಳು. ಮರುದಿನವೇ ಬೇರೆ ಆಳು ಹಚ್ಚಿ ಟಾಕಿ ತೊಳೆಸಿದರು.

ಎರಡು ತಿಂಗಳ ಮೇಲೆ ಕಚೇರಿಯಲ್ಲೇ ಗ್ರಾಮಸಭೆ ಸೇರಿತು. ಬಸವಂತ ಜನರ ಕಾಲುಗಳ ನಡುವೆ ಓಡಾಡುತ್ತಿದ್ದ. ಮುಬೀನಾ ಪರದೆ ನೋಡಿ ಓದಿದಳು: “ವಾಂತಿ-ಭೇದಿ, ಹನ್ನೊಂದು ಇದ್ದದ್ದು ಈಗ ಒಂದು. ಸೊನ್ನೆ ಆಗಿಲ್ಲ, ಆ ಒಂದು ಮನಿಯ ನಳ ನಾಳೆ ತಪಾಸ ಮಾಡ್ತೇವಿ...”

ಮಾತು ಅಲ್ಲೇ ನಿಂತಿತು. ಕಪಾಟಿನ ಹಿಂದಿನ ಕತ್ತಲಲ್ಲಿ ಯಾರೋ ಕೆಮ್ಮಿದರು. ಎರಡು ಗಿಡ್ಡ, ಒಂದು ಉದ್ದ.

“ಮುಬೀನಾ... ಟಾಕಿ ಶುದ್ಧ ಆತವ್ವ. ನಾ ಇನ್ನ ಇಳೀತೀನಿ.”

ಮುಬೀನಾಳ ಮುಖ ಬಿಳಿಚಿತು. ಅಂಬಣ್ಣನ ಫೋನು ರತ್ನಾಬಾಯಿಯ ಮಡಿಲಲ್ಲಿ ಆರಿಹೋಗಿ ಬಿದ್ದಿತ್ತು. ಆಗ ಕಪಾಟಿನ ಹಿಂದೆ ಕೆಮ್ಮು ತಡೆಯಲಾರದೆ ನಗುವಾಯಿತು. ಚಹಾ ತರಲು ಹೋಗಿದ್ದ ಹಣಮಂತ್ರಾಯರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು.

ಓದುವ ಅಕ್ಕ-ಅಣ್ಣಂದಿರೇ, ನಿಮ್ಮ ಪಂಚಾಯಿತಿಗೂ ಹೋಗಿ. ಏನು, ಎಷ್ಟು, ಯಾವತ್ತಿನೊಳಗೆ, ಯಾರು ಎಂದು ಕೇಳಿ. ಅದರಿಂದ ನಮಗೇನಾಯಿತು ಎಂದೂ ಕೇಳಿ. ಲೆಕ್ಕ ಇಡಲು, ನೆನಪು ಮಾಡಲು ಸಾಫ್ಟ್‌ವೇರ್ ಇದೆ. ಏಣಿ ಹತ್ತಿ ಒಳಗೆ ನೋಡುವ ಕೆಲಸ ಮನುಷ್ಯರದು. ‘ಪ್ರಗತಿಯಲ್ಲಿದೆ’ ಎಂಬ ಉತ್ತರ ಬಂದರೆ ಹಣಮಂತ್ರಾಯರ ಕಥೆ ಹೇಳಿ. ಊರಿನ ಹೆಸರು ಹೇಳದಿದ್ದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಸಭೆಯಲ್ಲಿ ರತ್ನಾಬಾಯಿ ಕೂಡ ನಕ್ಕಳು. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು ಹಣಮಂತ್ರಾಯರೇ.