ಮಡಿಲಿಗೆ ಎಲಚಿ ಹಣ್ಣು

"ಅಮ್ಮ, ಶೂ ಬಿಚ್ಚು. ಇಲ್ಲಿ ನೆಲದ ಮೇಲೇ ಕೂರ್ಬೇಕಂತೆ," ಎಂದಳು ಸಂಹಿತಾ.

ನಳಿನಿ ಗೋಡೆ ಹಿಡಿದು ಶೂ ಕಳಚಿದಳು. ಡಲ್ಲಾಸ್‌ನ ಆ ಪುಟ್ಟ ಕೊರಿಯನ್ ಜಾನಪದ ಮ್ಯೂಸಿಯಂಗೆ ಅವರು ಪಕ್ಕದ ಊರು ಫ್ರಿಸ್ಕೋದಿಂದ ಬಂದದ್ದೇ ಮದುವೆಯ ಶಾಸ್ತ್ರ ಕಲಿಯಲು. ಸಂಹಿತಾ ಕೈಹಿಡಿಯಲಿರುವ ಮಿನ್‌ಜೇ ಕೊರಿಯನ್ನರ ಹುಡುಗ. ಅವನನ್ನು ಸಾಕಿದ ಅಜ್ಜಿಯೂ ಜೊತೆಗಿದ್ದರು. ಒಳಗೆ ದೊಡ್ಡ ದೊಡ್ಡ ಮಣ್ಣಿನ ಜಾಡಿಗಳು, ಬೀಸುವ ಕಲ್ಲು, ಮೊರ. ಬೇರೆ ದಿನವಾಗಿದ್ದರೆ ನಳಿನಿ ಒಂದೊಂದರ ಮುಂದೂ ನಿಂತು ತನ್ನೂರು ಮೈಸೂರಿನ ಸುದ್ದಿಯೆಲ್ಲ ತೆಗೆಯುತ್ತಿದ್ದಳು. ಇವತ್ತು ಮನಸ್ಸು ಇಲ್ಲಿರಲಿಲ್ಲ.

ಎಲ್ಲಿತ್ತು ಅಂದರೆ, ಬೆಳಿಗ್ಗೆ ಬಂದ ಫೋನಿನಲ್ಲಿತ್ತು. ಓರಗಿತ್ತಿ ವಿಜಯಮ್ಮ ಬಲು ಕಕ್ಕುಲಾತಿಯಿಂದಲೇ ಹೇಳಿದ್ದರು: "ಮಡಿಲು ತುಂಬೋಕೆ ನಾನು ಬರ್ತೀನಲ್ಲ, ಯೋಚ್ನೆ ಮಾಡ್ಬೇಡ. ಆ ಹೊತ್ನಲ್ಲಿ ನೀನು ಸ್ವಲ್ಪ ಹಿಂದೆ ಇದ್ರಾಯ್ತು." ಗಂಡ ಸುಧೀಂದ್ರ ತೀರಿಕೊಂಡ ಮೇಲೆ ನಳಿನಿ ಎಲ್ಲರ ಮದುವೆಯಲ್ಲೂ ಹಿಂದೆಯೇ ನಿಂತವಳು. ಅದು ಹಾಳಾಗಲಿ, ಹೆತ್ತ ಮಗಳ ಮದುವೆಯಲ್ಲೂ ಹಿಂದೆಯೇ? ಕೇಳಲು ಬಾಯಿ ಬರದೆ "ಹೂಂ" ಎಂದು ಫೋನ್ ಇಟ್ಟಿದ್ದಳು.

ಒಳಕೋಣೆಯಲ್ಲಿ ಶಾಸ್ತ್ರ ಹೇಳಿಕೊಡುವ ಹೆಂಗಸು ಸಂಹಿತಾ, ಮಿನ್‌ಜೇ ಇಬ್ಬರನ್ನೂ ಕೂರಿಸಿ, ಒಂದು ಬಿಳಿ ಬಟ್ಟೆಯನ್ನು ಜೋಳಿಗೆಯ ಹಾಗೆ ಹಿಡಿಸಿದಳು. ಹಿರಿಯರು ಒಣಗಿದ ಎಲಚಿ ಹಣ್ಣು, ಚೆಸ್ಟ್‌ನಟ್ ಬೀಜ ಎಸೆಯುತ್ತಾರಂತೆ. ಬಟ್ಟೆಯಲ್ಲಿ ಬಿದ್ದಷ್ಟು ಮಕ್ಕಳಂತೆ. ಅಜ್ಜಿ ಹಿಂದೆಮುಂದೆ ನೋಡದೆ ಬೊಗಸೆ ತುಂಬಿ ಎಸೆದೇಬಿಟ್ಟರು. ಒಂದು ಹಣ್ಣು ಮಿನ್‌ಜೇ ಮೂಗಿಗೆ ಬಡಿಯಿತು.

ಅಯ್ಯೋ, ಇದು ಮಡಿಲು ತುಂಬುವುದೇ ಅಲ್ಲವೇ! ನಳಿನಿ ಮಗಳತ್ತ ಬಾಗಿದಳು.

"ಈ ಅಜ್ಜಿ ಯಜಮಾನ್ರು ಇದಾರೇನೇ?"

"ಇಲ್ಲಮ್ಮ. ಮಿನ್‌ಜೇ ಸ್ಕೂಲಲ್ಲಿದ್ದಾಗ್ಲೇ ಹೋಗ್ಬಿಟ್ರು."

"ಮತ್ತೆ... ಗಂಡ ಇಲ್ದೋರು ಇದನ್ನ ಮಾಡ್ಬಹುದಾ? ಕೇಳು."

ಸಂಹಿತಾ ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಗಂಡನಿಲ್ಲದ ತನ್ನ ಅಮ್ಮ ಇದನ್ನು ಮಾಡಬಹುದೇ ಎಂದು ಮಿನ್‌ಜೇಗೆ ಇಂಗ್ಲಿಷಿನಲ್ಲಿ ಹೇಳಿದಳು, ಅವನು ಅಜ್ಜಿಗೆ ಕೊರಿಯನ್‌ನಲ್ಲಿ ಹೇಳಿದ. ಅಜ್ಜಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡು ನಕ್ಕುಬಿಟ್ಟರು. ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು.

"'ಹೆತ್ತವಳು ತಾನೇ? ಮತ್ತಿನ್ಯಾರು ಮಾಡ್ಬೇಕು?' ಅಂತಿದಾರಮ್ಮ."

ಅಬ್ಬ! ನಳಿನಿಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣು ತುಂಬಿದ್ದನ್ನು ಯಾರಾದರೂ ನೋಡಿದರೆ ನೋಡಲಿ ಅನ್ನಿಸಿತು.

"ನಮ್ಮ ಶಾಸ್ತ್ರದಲ್ಲೂ ನಾನೇ ತುಂಬ್ತೀನಿ ಕಣೇ," ಎಂದಳು. "ನಿನ್ನ ದೊಡ್ಡಮ್ಮಂಗೆ ನಾನೇ ಹೇಳ್ತೀನಿ."

"ಹೇಳಮ್ಮ," ಎಂದಳು ಸಂಹಿತಾ.

ಅಜ್ಜಿ ಹಣ್ಣಿನ ತಟ್ಟೆಯನ್ನು ನಳಿನಿಯ ಕಡೆ ತಳ್ಳಿ, ಎಸೆಯುವುದು ಹೇಗೆಂದು ಕೈ ಬೀಸಿ ತೋರಿಸಿದರು. ನಳಿನಿಗೆ ಎಸೆಯಲು ಮನಸ್ಸು ಬರಲಿಲ್ಲ. ಮಗಳ ಹತ್ತಿರ ಹೋಗಿ ಮಂಡಿಯೂರಿ, ಬೊಗಸೆಯಿಂದ ಮೆಲ್ಲಗೆ ಸುರಿದಳು. ಮತ್ತೊಂದು ಬೊಗಸೆ. ಬಟ್ಟೆ ನಡುವೆ ಜಗ್ಗಿತು.

"ಅಮ್ಮಾ, ಸಾಕು, ಜಾರ್ತಿದೆ!"

"ಗಟ್ಟಿಯಾಗಿ ಹಿಡ್ಕೋ," ಎಂದು ನಳಿನಿ ಮತ್ತೆ ತಟ್ಟೆಗೆ ಕೈಹಾಕಿದಳು.