ಕರುವುಗಲ್ಲಿನ ತಿರುವು

"ಎಲ್ಲಿಗ್ ಓಗ್ಬೇಕು ಯೋಳಕ್ಕ, ನಾನಿಲ್ವಾ?" ಎಂದ ನನ್ನ ತಮ್ಮ ಮುತ್ತುರಾಜು, ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸುತ್ತ.

"ಎಲ್ಲಿಗೆ ಅನ್ನೋದು ಆಮೇಲ್ ಕಣ್ಲಾ. ಮೊದ್ಲು ಆ ಮೂಲೆ ತಿರುಗ್ಬೇಕು," ಎಂದೆ. ಪಡಸಾಲೆಯ ನೆಲದಲ್ಲಿ ಕೂತು ಸೀಮೆಸುಣ್ಣದಿಂದ ನಮ್ಮ ಬೀದಿಯನ್ನೇ ಬರೆಯುತ್ತಿದ್ದೆ.

ಮೂವತ್ತೆಂಟು ವರ್ಷದಿಂದ ನನಗೆ ಗೊತ್ತಿರುವ ಬೀದಿ ಅದು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಕಾಲು ಹೋದವು. ಅಲ್ಲಿಂದ ಅಪ್ಪನ ಹೆಗಲು, ಅಪ್ಪ ಹೋದ ಮೇಲೆ ತಮ್ಮನ ಹೆಗಲು. ಚನ್ನರಾಯನದುರ್ಗದಲ್ಲಿ ಕೋಟೆಯ ಬುಡದ ಬೀದಿಗಳೆಲ್ಲ ಕಲ್ಲು ಹಾಸಿದ ಇಳಿಜಾರು. ಗಾಲಿಕುರ್ಚಿ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಪಕ್ಕಕ್ಕೆ ಎರಡು ಚಕ್ರ ಕಟ್ಟಿದ ಸ್ಕೂಟರು ಒಂದಿತ್ತು. ಮೂರನೇ ದಿನ ಆ ಇಳಿಜಾರಿನಲ್ಲಿ ನನ್ನನ್ನು ಹಾಕಿಕೊಂಡೇ ಮಗುಚಿತು. ಮೊಣಕೈ ತರಚಿತ್ತು, ಅಷ್ಟೇ. ಮಾರನೇ ದಿನ ಏಳುವಷ್ಟರಲ್ಲಿ ಮುತ್ತು ಅದನ್ನು ಮಾರಿಬಿಟ್ಟಿದ್ದ. ಸಿಟ್ಟಿನಿಂದಲ್ಲ, ಹೆದರಿ. ಅವನ ಮೇಲೆ ಕೂಗಾಡಲೂ ಆಗಲಿಲ್ಲ. ಹೊತ್ತುಕೊಂಡು ಓಡಾಡಿಸುವವನ ಮೇಲೆ ಎಷ್ಟೆಂದು ಕೂಗಾಡುವುದು?

ಮನೆಯಲ್ಲೇ ಕೂತು ಸುತ್ತಲ ಹಳ್ಳಿಯವರ ಪಂಪಿನ ಮೋಟರಿಗೆ ತಂತಿ ಸುತ್ತುವುದು ನನ್ನ ಕೆಲಸ. ಮೋಟರು ತೋಟ, ಹೊಲ, ಕೆರೆ ಎಲ್ಲ ನೋಡಿ ಬರುತ್ತದೆ, ನಾನು ನೋಡುವುದಿಲ್ಲ. ಸುತ್ತುತ್ತ ಸುತ್ತುತ್ತ ಅನ್ನಿಸಿತು: ಇಷ್ಟು ಮೋಟರು ತಿರುಗಿಸಿದ್ದೇನೆ, ನನಗಾಗಿ ಒಂದು ತಿರುಗಬಾರದೇ? ನಾಲ್ಕು ಚಕ್ರದ್ದು, ಮಗುಚದಂಥದ್ದು. ಸಿರಾದ ಗುಜರಿಯಿಂದ ಇ-ರಿಕ್ಷಾದ ಮೋಟರು, ಗೂಡ್ಸ್ ಆಟೋದ ಹಿಂದಿನ ಅಚ್ಚು, ಹಳೇ ಕಾರಿನ ಸ್ಟೀರಿಂಗು ತರಿಸಿದೆ. ನಕ್ಷೆ ನನ್ನದು, ವೆಲ್ಡಿಂಗು ಮುತ್ತುವಿನದು. ಕೊರಟಗೆರೆಯಲ್ಲಿ ಗೇಟು ಕಿಟಕಿ ಮಾಡುವ ಅವನ ಕೈ ಒಳ್ಳೆಯದು.

ಸ್ಟೀರಿಂಗಿನ ಪಾಠ ಮೊಬೈಲಿನ ವಿಡಿಯೋ ನೋಡಿ ಕಲಿತೆ. ತಿರುಗುವಾಗ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕು, ಇಲ್ಲದಿದ್ದರೆ ಟೈರು ನೆಲವನ್ನು ಉಜ್ಜುತ್ತದೆ. ಎರಡು ಕಡ್ಡಿ, ಮೊಳೆ, ದಾರ ಇಟ್ಟುಕೊಂಡು ಆ ಕೋನ ಹಿಡಿಯುವುದಕ್ಕೇ ಒಂದು ವಾರ ಹೋಯಿತು. ಹಿಡಿದೆ. ಆದರೆ ಸೀಮೆಸುಣ್ಣದ ಬೀದಿಯಲ್ಲಿ ಆ ಮೂಲೆ ಮಾತ್ರ ಬಗ್ಗಲಿಲ್ಲ.

ಮೂಲೆಯಲ್ಲಿ ಒಂದು ಕಡೆ ದೊಡ್ಡರಂಗಪ್ಪನ ಜಗುಲಿ, ಇನ್ನೊಂದು ಕಡೆ ಕರುವುಗಲ್ಲು. ಊರು ಕಟ್ಟುವ ದಿನ ಮೊದಲು ನೆಟ್ಟ ಕಲ್ಲದು. ದನಕ್ಕೆ ರೋಗ ಬಂದರೆ, ಹಸು ಕರು ಹಾಕಿದರೆ ಅದಕ್ಕೆ ನೀರು ಹಾಕಿ ಅರಿಸಿನ ಹಚ್ಚುತ್ತಾರೆ. ಅದನ್ನು ಅಲುಗಿಸುವ ಮಾತನ್ನು ಯಾರೂ ಆಡುವುದಿಲ್ಲ, ನಾನೂ ಆಡಲಿಲ್ಲ.

ಮೂಲೆಯ ಅಳತೆ ನೋಡಲು, ಕಾರಿನಷ್ಟೇ ಉದ್ದಗಲದ ನಮ್ಮ ಮಂಚವನ್ನು ನಾಲ್ಕು ಜನರ ಕೈಲಿ ಎತ್ತಿಸಿ, ಅದರ ಮೇಲೆ ನಾನು ಕೂತು ಒಂದು ದಿನ ಹೊರಟೆ. "ಹಿಂದಿನೋರು ಪಕ್ಕಕ್ ಎಜ್ಜೆ ಇಡ್ಬಾರ್ದು, ಕಾರಿನ್ ಇಂದಿನ್ ಚಕ್ರ ಪಕ್ಕಕ್ ಓಗಲ್ಲ," ಎಂದು ಮೊದಲೇ ಹೇಳಿದ್ದೆ.

ಎದುರು ಮನೆಯ ಜಯಕ್ಕ ಮೊರ ಹಿಡಿದುಕೊಂಡೇ ಓಡಿ ಬಂದಳು. "ಅಯ್ಯೋ ಶಿವ್ನೇ, ಯಾರವ್ವಾ ಓಗ್ಬುಟ್ರು?"

"ನಾನೇ ಜಯಕ್ಕ. ಎಂಗೆ ಓಗೋದು ಅಂತ ನೋಡ್ತಿವ್ನಿ."

"ಥೂ ನಿನ್ನ! ಕೂತ್ಕೊಂಡೇ ಒಂಟವ್ಳಲ್ಲಪ್ಪ! ನನ್ನ ಎದೆ ನಿಂತೋಯ್ತು!"

ಎಲ್ಲರೂ ನಕ್ಕರು, ಹೊತ್ತವರೂ ನಕ್ಕರು. ನಗುತ್ತಲೇ ಮಂಚ ಕಲ್ಲಿಗೂ ಜಗುಲಿಗೂ ನಡುವೆ ಸಿಕ್ಕಿಕೊಂಡಿತು. ನಾಲ್ಕು ಬೆರಳಿನಷ್ಟು ಜಾಗ ಸಾಲದು. ಹಿಂದಕ್ಕೆ ಎಳೆದರೂ ಬರಲಿಲ್ಲ. ಅವರೆಲ್ಲ ಸುಸ್ತಾಗಿ ಮಂಚದ ಕಾಲು ನೆಲಕ್ಕಿಟ್ಟು ನಿಂತರು. ನಾನು ಆ ಸಂದಿನಲ್ಲಿ, ಮಂಚದ ಮೇಲೆ. ನಾನಾಗಿ ಇಳಿಯುವಂತಿಲ್ಲ, ಮುಂದೆ ಹೋಗುವಂತಿಲ್ಲ.

ಜಗುಲಿಯಲ್ಲಿ ಕೂತಿದ್ದ ದೊಡ್ಡರಂಗಪ್ಪ ಎಲೆ ಅಡಿಕೆ ಉಗಿದು ಬಂದ. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. "ಬರೀ ಮುಂದಿನ್ ಚಕ್ರ ನಂಬ್ಕೊಂಡ್ರೆ ತಿರುಗಲ್ಲ ಕಣವ್ವ. ಟ್ರ್ಯಾಕ್ಟರ್ ಗದ್ದೇಲಿ ಎಂಗ್ ತಿರುಗ್ತದೆ? ಇಂದಿನ್ ಎರಡು ಚಕ್ರಕ್ಕೂ ಬ್ಯಾರೆ ಬ್ಯಾರೆ ಬ್ರೇಕು. ಎಡಗಡೇದು ತುಳುದ್ರೆ ಆ ಚಕ್ರ ನೆಲ ಕಚ್ಕೊಂಡ್ ನಿಂತ್ಕೊಂತದೆ, ಬಲಗಡೇದು ಅದ್ರ ಸುತ್ತ ಬತ್ತದೆ."

ಕೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಗೂಡ್ಸ್ ಆಟೋದ ಅಚ್ಚಿನೊಳಗಿನ ಹಲ್ಲುಗಳೂ ಅದನ್ನೇ ಮಾಡುತ್ತವೆ. ಒಂದು ಚಕ್ರವನ್ನು ಹಿಡಿದರೆ ಮೋಟರಿನ ಓಟವೆಲ್ಲ ಇನ್ನೊಂದಕ್ಕೆ. ಬೇಕಿರುವುದು ಎರಡು ಬ್ರೇಕು ಮಾತ್ರ. ಮಂಚವನ್ನು ಪಕ್ಕಕ್ಕೆ ವಾಲಿಸಿ ಬಿಡಿಸಬೇಕಾದ್ದರಿಂದ ಮುತ್ತು ನನ್ನನ್ನು ಹೆಗಲಿಗೆ ಹಾಕಿಕೊಂಡ. ಹೆಗಲ ಮೇಲಿಂದಲೇ, "ಸೀಮೆಸುಣ್ಣ ಎಲ್ಲಿಟ್ಟೆ ಲೇ?" ಎಂದು ಕೇಳಿದೆ.

ಆವತ್ತೇ ದೊಡ್ಡ ಹಾಳೆಯಲ್ಲಿ ಪೂರಾ ನಕ್ಷೆ ಬರೆದುಕೊಟ್ಟೆ. ಮುತ್ತು ಅದನ್ನು ಕೊರಟಗೆರೆಗೆ ಒಯ್ದ. ಎರಡು ತಿಂಗಳು ನಾನು ಅವನ ವೆಲ್ಡಿಂಗ್ ಅಂಗಡಿಗೆ ಹೋಗಲಿಲ್ಲ. ಕರೆದೊಯ್ಯಲು ಅವನಿಗೆ ಬಿಡುವಿರಲಿಲ್ಲ. ಅವನು ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ, ನಾನು ತಪ್ಪು ಹುಡುಕುತ್ತಿದ್ದೆ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಹಸಿರು ಬಣ್ಣದ ಆ ಪುಟ್ಟ ಕಾರು ಇಳಿಜಾರು ಹತ್ತಿ ಬಂತು. ಮೂಲೆಯಲ್ಲಿ ನಿಂತಿತು. ಎಡಗಡೆ ಹಿಂಚಕ್ರ ನೆಲ ಕಚ್ಚಿತು, ಬಲಗಡೆಯದು ಸುತ್ತು ಬಂತು, ಕರುವುಗಲ್ಲಿನ ಅರಿಸಿನಕ್ಕೂ ತಾಗದೆ ಕಾರು ನಮ್ಮ ಬಾಗಿಲಿಗೆ ಬಂತು. ಜಯಕ್ಕ ಚಪ್ಪಾಳೆ ತಟ್ಟಿದಳು. ದೊಡ್ಡರಂಗಪ್ಪ ಜಗುಲಿಯಿಂದಲೇ, "ಏನೇ ಆಗ್ಲಿ, ಟ್ರ್ಯಾಕ್ಟರ್ ಟ್ರ್ಯಾಕ್ಟರೇ!" ಎಂದು ಕೂಗಿದ.

ಮುತ್ತು ಇಳಿದು ಬಂದು ನನ್ನನ್ನು ಎತ್ತಿ ಕೂರಿಸಿದ. ಎಡಗಡೆ ಸೀಟಿನಲ್ಲಿ.

ಅವನು ತಿರುಗಿ ಬಲಗಡೆಗೆ ಬರುವಷ್ಟರಲ್ಲಿ ನಾನು ಒಳಗೆ ಬಗ್ಗಿ ನೋಡಿದೆ. ಕೆಳಗೆ ಸಾಲಾಗಿ ಮೂರು ಪೆಡಲು. ಎರಡು ಬ್ರೇಕು, ಒಂದು ಎಕ್ಸಲರೇಟರು. ಜಾರಬಾರದೆಂದು ಒಂದೊಂದಕ್ಕೂ ರಬ್ಬರು ಅಂಟಿಸಿದ್ದ.

"ಇದ್ಯಾಕ್ಲಾ ಕೆಳಗವೆ?"

"ಯಾವ್ದು?"

"ಪೆಡ್ಲು."

"ಇನ್ನೆಲ್ಲಿರ್ತವೆ?" ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಆಮೇಲೆ ನನ್ನ ಕಾಲು ನೋಡಿದ. ಮುಖ ಸಣ್ಣಗಾಯಿತು. "ನೀನು... ನೀನೇ ಓಡ್ಸೋದು ಅಂದಿದ್ದಾ? ನಾನೇ ಓಡುಸ್ತೀನಿ ಅಂತ..."

"ನಾನ್ ಯೋಳಿರ್ಲಿಲ್ವೇನೋ!"

ಅವನು ಸೀಟಿನಡಿಯಿಂದ ಮಡಿಚಿದ ಹಾಳೆ ತೆಗೆದು ನನ್ನ ಮಡಿಲಿಗಿಟ್ಟ. "ನೀನೇ ಬರ್ದಿದ್ದು ಕಣಕ್ಕ."

ನನ್ನದೇ ಗೆರೆ. ಸ್ಟೀರಿಂಗಿನ ಕೋನ, ಅಚ್ಚಿನ ಅಳತೆ, ಮೋಟರಿನ ಜಾಗ ಎಲ್ಲ ಸರಿಯಾಗಿತ್ತು. ಅದರ ಕೆಳಗೆ, ನೆಲದ ಹತ್ತಿರ, ಅಚ್ಚುಕಟ್ಟಾಗಿ ಮೂರು ಚೌಕ. ಪಕ್ಕದಲ್ಲಿ ನನ್ನ ಅಕ್ಷರ: 'ಎಡ ಬ್ರೇಕು, ಬಲ ಬ್ರೇಕು, ಎಕ್ಸಲರೇಟರು'. ಊರ ಹೊರಗೆ ಗಾಡಿ ಹತ್ತಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಕಾಲು ನೋಡಿದವಳು ನಾನು. ನನಗಾಗಿ ಕಾರು ಬರೆಯಲು ಕೂತಾಗಲೂ ಅವರ ಕಾಲನ್ನೇ ಬರೆದಿದ್ದೆ. ಕಲ್ಲನ್ನು ಸುತ್ತುವುದು ಹೇಗೆಂದು ತಿಂಗಳುಗಟ್ಟಲೆ ಯೋಚಿಸಿದವಳಿಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ.

"ಇರ್ಲಿ ಬುಡಕ್ಕ," ಎಂದ ಮುತ್ತು ಮೆಲ್ಲಗೆ. "ಮಧುಗಿರಿಗೆ ಓಗಾನ? ಪಾವಗಡಕ್ಕೆ? ಎಲ್ಲಿಗಂದ್ರೂ ಕರ್ಕೊಂಡ್ ಓಯ್ತೀನಿ."

"ಕೆಳಗಿಳ್ಸು ನನ್ನ."

ಇಳಿಸಿದ. ನಾನು ನೆಲದಲ್ಲಿ ತೆವಳಿಕೊಂಡು ಪಡಸಾಲೆಯಿಂದ ಗರಗಸ ತಂದು ಬಲಗಡೆಗೆ ಹೋದೆ. ಬಾಗಿಲು ತೆರೆದು, ಮೋಟರಿನ ಹಳೇ ತಂತಿ ಕೊಯ್ಯುವ ಆ ಗರಗಸ ಹಿಡಿದು, ತಲೆಯನ್ನು ಪೆಡಲುಗಳ ಬಳಿಗೆ ತೂರಿಸಿದೆ. ಕಾಲಿಡುವ ತಟ್ಟೆ ಕತ್ತರಿಸಿ ಹಾಕಿದರೆ ಅದೇ ಸರಳಿಗೆ ಕೈಗೆ ಸಿಗುವಂತೆ ಎರಡು ಲಿವರು ನಿಲ್ಲಿಸಬಹುದು. ಎಕ್ಸಲರೇಟರು ಸ್ಟೀರಿಂಗಿನ ಮೇಲೆ, ಹೆಬ್ಬೆರಳಿಗೆ. ಕಬ್ಬಿಣದ ಪುಡಿ ಕೆನ್ನೆಯ ಮೇಲೆ ಉದುರತೊಡಗಿತು.

"ಅದ್ನ ಕೊಯ್ದುಬುಟ್ರೆ ನಾನೆಂಗ್ ಓಡುಸ್ಲಿ?" ಎಂದ ಹೊರಗಿನಿಂದ.

"ನೀನ್ ಪಕ್ಕದಲ್ ಕೂತ್ಕೊ."

ಅವನು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ. "ಸ್ಕೂಟ್ರು ಮಗುಚ್ದಾಗ ನೀನು ಚಕ್ರದ ಅಡೀಲಿ ಬಿದ್ದಿದ್ದೆ ಅಕ್ಕ. ನಾನ್ ಓಡ್ ಬರೋಗಂಟ ಅಳ್ಳಾಡ್ಲೇ ಇಲ್ಲ. ನಂಗೆ ಇವತ್ಗೂ ಅದು ಕಣ್ಣಿಗ್ ಕಟ್ದಂಗದೆ."

"ನಂಗೂ ಕಟ್ದಂಗದೆ. ಬಿದ್ರೆ ಬೀಳ್ತೀನಿ ಕಣೋ ಮುತ್ತು."

ಅವನು ಎದ್ದು ನಿಂತ. ಮೊದಲ ಪೆಡಲು ಅರ್ಧ ಕೊಯ್ದಿರುವಾಗ ಗರಗಸದ ಅಲಗು ಟಣ್ಣೆಂದು ಮುರಿಯಿತು. ನಾನು ಮಲಗಿದಲ್ಲೇ ಮುರಿದ ತುಂಡು ನೋಡುತ್ತ ಇದ್ದೆ. ಅವನ ಚಪ್ಪಲಿ ಮನೆಯೊಳಗೆ ಹೋದ ಸದ್ದು ಕೇಳಿಸಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಚಪ್ಪಲಿಯ ಸದ್ದು ತಿರುಗಿ ಬಂತು. ನನ್ನ ಕೈಯಿಂದ ಗರಗಸ ತೆಗೆದುಕೊಂಡ. ಹೊಸ ಅಲಗು ಸಿಕ್ಕಿಸಿ, ತಿರುಪು ಬಿಗಿ ಮಾಡಿ, ಹಿಡಿಯ ಕಡೆಯನ್ನು ನನಗೆ ಚಾಚಿದ.