ಉಕ್ಕಿನ ಪಟ್ಟಿ ಖಲಾಸ್

ನನಗೆ ಕೋಪ ಮೂಗಿನ ತುದಿಯಲ್ಲೇ. ಮೈಸೂರಿನಿಂದ ಗಲ್ಫಿನ ಮುಸಫ್ಫಾದ ಈ ಲ್ಯಾಬಿಗೆ ಬಂದು ತಿಂಗಳಾಗಿಲ್ಲ, ಆಗಲೇ ಎಲ್ಲರಿಗೂ ಅದು ಗೊತ್ತು.

ಆದರೆ ಅವತ್ತು ಕೋಪಕ್ಕಿಂತ ಭಯವೇ ಹೆಚ್ಚಿತ್ತು. ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ರೋಲರಿನಡಿ ಮತ್ತೆ ಮತ್ತೆ ಹಿಂಡಿದರೆ ಒಳಗಿನ ಕಣಗಳು ನುಣ್ಣಗಾಗುತ್ತವೆ. ಬಲ ಬರುತ್ತದೆ, ಆದರೆ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹದವಾಗಿ ಕಾಯಿಸಿದರೆ ಬಲವೂ ಉಳಿದು ಬಾಗುವ ಗುಣವೂ ಬರುತ್ತದೆ. ಹೆಚ್ಚು ಕಾದರೆ ಕಣಗಳು ದಪ್ಪವಾಗಿ ಹಾಳೆ ಮೆತ್ತಗಾಗುತ್ತದೆ, ಕೆಲಸಕ್ಕೆ ಬಾರದು. ನಮ್ಮ ಹತ್ತಿರ ಉಳಿದಿದ್ದು ಅಂಥ ಹಾಳೆಯ ಒಂದೇ ಪಟ್ಟಿ, ಅದು ಕಾಯಲು ಫರ್ನೇಸಿಗೆ ಹೋಗಿತ್ತು. ದುಬೈಯಿಂದ ಬಂದ, ನಮ್ಮ ಕರಾವಳಿ ಮೂಲದ ಗಿರಾಕಿ ನಸೀಮ ಅವರೆದುರು ಅದನ್ನು ಯಂತ್ರದಲ್ಲಿ ಎಳೆದು ಬಲದ ಅಳತೆ ತೋರಿಸಬೇಕು. ಇಲ್ಲದಿದ್ದರೆ ಲ್ಯಾಬಿಗೆ ಬೀಗ; ನಾನೂ, ಫರ್ನೇಸ್ ನೋಡಿಕೊಳ್ಳುವ ಎಂಜಿನಿಯರ್ ಲತೇಶನೂ ಊರಿಗೆ.

ನಸೀಮರನ್ನು ಕೂರಿಸಿ ಲತೇಶನಿಗೆ ಫೋನ್ ಮಾಡಿದೆ.

"ಪಟ್ಟಿ ಏನಾಯ್ತ್ರೀ?"

"ಖಲಾಸ್ ಮೇಡಂ," ಅಂದು ಫೋನಿಟ್ಟ.

ಇದ್ದೊಂದು ಪಟ್ಟಿಯೂ ಹಾಳಾಯಿತೆಂದು ಫರ್ನೇಸಿನ ಕೋಣೆಗೆ ಓಡಿದೆ. ನಸೀಮ ಹಿಂದೆಯೇ ಬಂದರು. ಲತೇಶ ಆರಿದ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೈಗವಸು ಬಿಚ್ಚುತ್ತಿದ್ದ.

"ನಿದ್ದೆ ಹೊಡೀತಿದ್ರಾ? ಇಷ್ಟು ಬೇಯಿಸೋಕೆ ಇದೇನು ಹುರುಳಿಕಾಳಾ?"

"ಎಂತ ಆಯ್ತು ಮಾರಾಯ್ರೆ?" ಎಂದ ಲತೇಶ.

"ಎಷ್ಟು ಮೆತ್ತಗಾಗಿದೆ ನೀವೇ ನೋಡಿ." ಪಟ್ಟಿಯನ್ನು ಬೆಂಚಿಗೆ ಜೋಡಿಸಿದ ವೈಸಿನ ದವಡೆಗಳ ನಡುವೆ ಬಿಗಿದು, ಅದಕ್ಕೊಂದು ಪೈಪ್ ಸಿಕ್ಕಿಸಿ ತಳ್ಳಿದೆ.

"ಬೇಡ ಮೇಡಂ, ಬಿಡಿ," ಎನ್ನುತ್ತಾ ಅವನು ಕೈ ಹಿಡಿಯಲು ಬಂದ. ಕೊಡವಿಕೊಂಡೆ.

ಪಟ್ಟಿ ಬಗ್ಗಲಿಲ್ಲ. ಸ್ಪ್ರಿಂಗಿನಂತೆ ನನ್ನನ್ನೇ ಹಿಂದಕ್ಕೆ ತಳ್ಳಿತು. ಇಡೀ ಮೈಭಾರ ಹಾಕಿದ ಮೇಲೆ ನಿಧಾನಕ್ಕೆ ಬಾಗಿತು. ಬೆರಳಾಡಿಸಿದೆ, ಒಂದು ಬಿರುಕೂ ಇಲ್ಲ. ನಾವು ಹುಡುಕುತ್ತಿದ್ದ ಹದ ಅದೇ.

"ಖಲಾಸ್ ಅಂದ್ರಲ್ಲ ನೀವು. ನಮ್ಮ ಮೈಸೂರಲ್ಲಿ ಖಲಾಸ್ ಅಂದ್ರೆ ಹಾಳಾಗೋಯ್ತು ಅಂತ."

"ಕೆಲಸ ಮುಗೀತು ಅಂತ ಹೇಳಿದ್ದು ನಾನು. ಇಲ್ಲಿ ಎಲ್ಲರೂ ಹಾಗೇ ಹೇಳುದು."

ಬಾಗಿದ ಪಟ್ಟಿಯನ್ನು ಯಂತ್ರಕ್ಕೆ ಹಾಕುವಂತಿಲ್ಲ. ನೆಟ್ಟಗೆ ಮಾಡಿ ಹಾಕಿದರೂ ಅಳತೆ ಸುಳ್ಳಾಗುತ್ತದೆ. "ಅಳತೆ ಎಲ್ಲುಂಟು?" ಎಂದು ನಸೀಮ ಮೆಲ್ಲಗೆ ಕೇಳಿದರು.

ಲತೇಶ ವೈಸ್ ಸಡಿಲಿಸಿ, ಡೊಂಕಾದ ಪಟ್ಟಿಯನ್ನು ನನ್ನ ಕೈಗಿಟ್ಟ.

"ಈಗ ಆಯ್ತು ಮೇಡಂ, ನಿಮ್ಮ ಮೈಸೂರಿನ ಖಲಾಸ್."